ತಿಳಿಯದವನ ನಾಚಿಕೆ, ತಿಳಿದವನ ಹೊಣೆ

ಕಾಯವಿಲ್ಲದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ಆದಕಾರಣ ಶರಣರು ದೇಹವನ್ನು ಹಳಿಯಲಿಲ್ಲ. ಅದನ್ನು ದಂಡಿಸಿ ಒಣಗಿಸುವುದೇ ಪರಮಾರ್ಥವೆಂದು ಬಗೆಯಲಿಲ್ಲ. ಇಷ್ಟಲಿಂಗವನ್ನು ಧರಿಸುವ ಈ ಶರೀರವನ್ನು ಅವರು ಶಿವನ ಆಲಯವೆಂದೇ ಕಂಡರು. ಆಲಯವು ಶಿಥಿಲವಾದಾಗ ಅದನ್ನು ಸರಿಪಡಿಸಿಕೊಳ್ಳುವುದು ಭಕ್ತನ ಕರ್ತವ್ಯಗಳಲ್ಲೊಂದು. ರೋಗ ಬಂದಾಗ ವೈದ್ಯನಲ್ಲಿಗೆ ಹೋಗುವುದು ಇದಕ್ಕಾಗಿಯೇ. ಆದರೆ ವೈದ್ಯನು ರೋಗಿಗೆ ಕೊಡುವ ವಸ್ತುಗಳು ಎರಡು: ಒಂದು ಔಷಧಿ, ಇನ್ನೊಂದು ಮಾತು. ಔಷಧಿಯು ಕೈಗೆ ಬಂದುದನ್ನು ಎಲ್ಲರೂ ಕಾಣುತ್ತಾರೆ. ಮಾತು ಮನಸ್ಸಿಗೆ ಬಂದಿತೋ ಇಲ್ಲವೋ ಎಂಬುದನ್ನು ವಿಚಾರಿಸುವವರು ವಿರಳ. ಮಾತು ತಲುಪದಿದ್ದರೆ ಔಷಧಿಯೂ ತಲುಪಿದಂತಾಗಲಾರದು. ತಿಳಿಯದಿದ್ದರೂ ‘ಹೂಂ’ ಎಂದು ತಲೆಯಾಡಿಸಿ ಮನೆಗೆ ಬಂದ ರೋಗಿಯು ಮಾತ್ರೆಯನ್ನು ತಪ್ಪಾಗಿ ನುಂಗಿ ಅಪಾಯಕ್ಕೆ ಒಳಗಾದರೆ, ಆ ತಪ್ಪು ಯಾರದು? ತಿಳಿಯದವನದೋ, ತಿಳಿಸದವನದೋ? ಇದು ವೈದ್ಯರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಮನೆಯಲ್ಲಿ ವೃದ್ಧ ತಂದೆತಾಯಿಗಳನ್ನು ಇಟ್ಟುಕೊಂಡಿರುವ ಪ್ರತಿಯೊಬ್ಬ ಸಂಸಾರಿಗನೂ ಉತ್ತರ ಹೇಳಬೇಕಾದ ಧರ್ಮದ ಪ್ರಶ್ನೆ.

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಆಸ್ಪತ್ರೆಗಳಿಗೆ ಬಡತನವಿಲ್ಲ. ಜಯನಗರದಲ್ಲಿ ಸರ್ಕಾರದ ಸಾರ್ವಜನಿಕ ಆಸ್ಪತ್ರೆಯಿದೆ. ಬನ್ನೇರುಘಟ್ಟ ರಸ್ತೆಯಲ್ಲಿ ಹೃದ್ರೋಗಕ್ಕೆ ಹೆಸರಾದ ಜಯದೇವ ಸಂಸ್ಥೆಯಿದೆ. ಹೊಸೂರು ರಸ್ತೆಯ ಕಡೆಗೆ ನಿಮ್ಹಾನ್ಸ್ ಮತ್ತು ಕಿದ್ವಾಯಿ ಸಂಸ್ಥೆಗಳಿವೆ. ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಖಾಸಗಿ ಚಿಕಿತ್ಸಾಲಯಗಳು ಬೀದಿಬೀದಿಗೂ ಕಾಣುತ್ತವೆ. ನಾಡಿನ ಮೂಲೆಮೂಲೆಗಳಿಂದ ಜನರು ಇಲ್ಲಿಗೆ ಚಿಕಿತ್ಸೆಗಾಗಿ ಬರುತ್ತಾರೆ. ಹೀಗೆ ಔಷಧಿಯು ಸಮೃದ್ಧವಾಗಿರುವ ಸ್ಥಳದಲ್ಲಿಯೇ ಮಾತಿನ ಬರವನ್ನು ಕಾಣಬಹುದಾಗಿದೆ.

ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಬಹುದು. ಬನಶಂಕರಿಯಲ್ಲಿ ಮಗನ ಮನೆಯಲ್ಲಿರುವ ಆಕೆಗೆ ರಕ್ತದೊತ್ತಡ. ಬೆಳಿಗ್ಗೆ ಒಂದು ಬಿಳಿಯ ಮಾತ್ರೆಯನ್ನು ತಪ್ಪದೆ ನುಂಗುತ್ತಾಳೆ. ಒಂದು ತಿಂಗಳು ಅಂಗಡಿಯಲ್ಲಿ ಆ ಮಾತ್ರೆ ಸಿಗದೆ, ಅದೇ ಔಷಧಿಯನ್ನು ಬೇರೆ ಕಂಪನಿಯ ಹೆಸರಿನಲ್ಲಿ ಕೊಟ್ಟರು. ಇದರ ಬಣ್ಣ ಗುಲಾಬಿ. ಮನೆಯಲ್ಲಿ ಹಳೆಯ ಬಿಳಿಯ ಮಾತ್ರೆಗಳೂ ಕೆಲವು ಉಳಿದಿದ್ದವು. ಬಣ್ಣ ಬೇರೆಯಾದುದರಿಂದ ಔಷಧಿಯೂ ಬೇರೆಯೆಂದು ತಿಳಿದ ಆಕೆ ಎರಡನ್ನೂ ನುಂಗತೊಡಗಿದಳು. ನಾಲ್ಕನೆಯ ದಿನ ತಲೆ ತಿರುಗಿ ಬಚ್ಚಲಿನಲ್ಲಿ ಬಿದ್ದಳು. ‘ಅಮ್ಮನಿಗೆ ಎಷ್ಟು ಹೇಳಿದರೂ ಬುದ್ಧಿ ಬರುವುದಿಲ್ಲ’ ಎಂದು ಮನೆಯವರು ಗೊಣಗಿದರು. ಆದರೆ ಆಕೆಯಲ್ಲಿ ಬುದ್ಧಿಯ ಕೊರತೆಯಿತ್ತೇ? ನಲವತ್ತು ವರ್ಷ ಸಂಸಾರವನ್ನು ತೂಗಿಸಿದವಳು, ಸಾಲಸೋಲಗಳ ಲೆಕ್ಕವನ್ನು ಬಾಯಲ್ಲಿಯೇ ಇಟ್ಟುಕೊಂಡವಳು ಆಕೆ. ಓದಲು ಬಾರದವಳಿಗೆ ಮಾತ್ರೆಯನ್ನು ಗುರುತಿಸಲು ಬಣ್ಣವಲ್ಲದೆ ಬೇರೆ ಯಾವ ಗುರುತಿದ್ದೀತು? ಆಕೆ ತನಗೆ ದೊರೆತ ಒಂದೇ ಗುರುತನ್ನು ನಿಷ್ಠೆಯಿಂದ ಪಾಲಿಸಿದಳು. ಬಣ್ಣ ಬದಲಾದರೂ ಔಷಧಿ ಬದಲಾಗಿಲ್ಲವೆಂಬ ಒಂದು ಮಾತನ್ನು ಹೇಳಬಲ್ಲವರು ಅಂಗಡಿಯಲ್ಲಿದ್ದರು, ಮನೆಯಲ್ಲಿಯೂ ಇದ್ದರು. ಹೇಳಿದವರು ಮಾತ್ರ ಯಾರೂ ಇಲ್ಲ.

ಇದು ನಿರಕ್ಷರರ ಸಮಸ್ಯೆ ಮಾತ್ರವೆಂದು ಭಾವಿಸುವುದು ತಪ್ಪು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಕ್ಷರ ಬಲ್ಲವರು ಶೇಕಡಾ 75ರಷ್ಟು. ಸ್ತ್ರೀಯರಲ್ಲಿ ಶೇಕಡಾ 68ರಷ್ಟು. ಎಂದರೆ ಅಂದು ನಾಲ್ವರಲ್ಲಿ ಒಬ್ಬರಿಗೆ ಔಷಧಿಯ ಚೀಟಿಯು ಬರಿಯ ಗೆರೆಗಳ ಕಾಗದ. ಆದರೆ ಉಳಿದ ಮೂವರಿಗೂ ಅದು ಪೂರ್ಣವಾಗಿ ತಿಳಿಯುತ್ತದೆಯೆಂದು ಹೇಳಲಾಗದು. ಅಕ್ಷರ ಬಲ್ಲವರೆಲ್ಲರೂ ಆರೋಗ್ಯದ ಭಾಷೆಯನ್ನು ಬಲ್ಲವರಲ್ಲ. ಪರೀಕ್ಷೆಯ ಫಲವು ‘ನೆಗೆಟಿವ್’ ಎಂದಾಗ ಕೆಟ್ಟದಾಯಿತೆಂದು ಕಂಗೆಡುವ ವಿದ್ಯಾವಂತರಿದ್ದಾರೆ. ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದರೆ, ಕಾಫಿಯು ಊಟವಲ್ಲವೆಂದು ಒಂದು ಲೋಟ ಸಕ್ಕರೆ ಬೆರೆಸಿದ ಕಾಫಿಯನ್ನು ಕುಡಿದು ಹೋಗುವವರಿದ್ದಾರೆ. ಚೀಟಿಯಲ್ಲಿ ‘1-0-1’ ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂಬ ಅರ್ಥವು ತಾನಾಗಿಯೇ ಹೊಳೆಯುವಂಥದಲ್ಲ. ತಲೆನೋವು ಇಲ್ಲದುದರಿಂದ ರಕ್ತದೊತ್ತಡವೂ ಇಲ್ಲವೆಂದು ಮಾತ್ರೆ ಬಿಡುವ ನಿವೃತ್ತ ಅಧಿಕಾರಿಗಳಿದ್ದಾರೆ. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು, ಆರು ತಿಂಗಳು ತೆಗೆದುಕೊಳ್ಳಬೇಕಾದ ಕ್ಷಯದ ಔಷಧಿಯನ್ನು ನಡುವೆಯೇ ನಿಲ್ಲಿಸುವವರಿದ್ದಾರೆ. ಆಗ ರೋಗಾಣುಗಳು ಔಷಧಿಗೆ ಬಗ್ಗದಷ್ಟು ಬಲಿಯಬಹುದು. ರೋಗದ ಭಯವು ಆವರಿಸಿದ ಗಳಿಗೆಯಲ್ಲಿ ಪಂಡಿತನ ಕಿವಿಯೂ ಮಂದವಾಗುವುದು ಸಹಜ.

ಭಕ್ತರ ಮನೆಗಳಲ್ಲಿ ವಿಶೇಷವಾಗಿ ಲಕ್ಷ್ಯ ಕೊಡಬೇಕಾದ ವಿಷಯವೊಂದುಂಟು. ಮಧುಮೇಹದ ಕೆಲವು ಮಾತ್ರೆಗಳನ್ನು ಊಟಕ್ಕೆ ಸ್ವಲ್ಪ ಮೊದಲು ತೆಗೆದುಕೊಳ್ಳಬೇಕು. ‘ಊಟಕ್ಕೆ ಮೊದಲು’ ಎಂಬ ಮಾತನ್ನು ಕೇಳಿದ ಹಿರಿಯರು ಬೆಳಿಗ್ಗೆ ಎದ್ದೊಡನೆ ಮಾತ್ರೆ ನುಂಗಿ, ಸ್ನಾನ ಮಾಡಿ, ಲಿಂಗಪೂಜೆಗೆ ಕುಳಿತು, ಎರಡು ಗಂಟೆಯಾದ ಮೇಲೆ ಪ್ರಸಾದ ಸ್ವೀಕರಿಸುವುದುಂಟು. ಸೋಮವಾರದ ಒಪ್ಪತ್ತಿನಲ್ಲಿ, ಶಿವರಾತ್ರಿಯ ಉಪವಾಸದಲ್ಲಿ ಎಂದಿನಂತೆ ಮಾತ್ರೆ ನುಂಗುವವರೂ ಉಂಟು. ಅನ್ನವಿಲ್ಲದ ಹೊಟ್ಟೆಯಲ್ಲಿ ಆ ಮಾತ್ರೆಯು ರಕ್ತದ ಸಕ್ಕರೆಯನ್ನು ಅಪಾಯಕರವಾಗಿ ಇಳಿಸಬಲ್ಲದು. ಬೆವರು, ನಡುಕ ಬಂದು ಎಚ್ಚರ ತಪ್ಪಬಹುದು. ಅವರು ವೈದ್ಯನ ಮಾತನ್ನು ಮೀರಿದರೇ? ಇಲ್ಲ, ಅಕ್ಷರಶಃ ಪಾಲಿಸಿದರು. ಅವರ ಪೂಜೆಯ ಹೊತ್ತು ಯಾವುದು, ವ್ರತದ ದಿನ ಯಾವುದು ಎಂಬುದನ್ನು ಕೇಳದೆಯೇ ಮಾತು ಹೇಳಲ್ಪಟ್ಟಿತು. ವ್ರತವುಳ್ಳವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ, ಆ ದಿನ ಮಾತ್ರೆಯ ವಿಷಯದಲ್ಲಿ ಏನು ಮಾಡಬೇಕೆಂದು ಕೇಳಿಕೊಂಡು ಬರುವುದು ಶ್ರೇಯಸ್ಕರ.

ತಿಳಿಯದಿದ್ದರೆ ಕೇಳಬಾರದೇ ಎಂದು ಕೆಲವರು ಆಕ್ಷೇಪಿಸಬಹುದು. ಪ್ರತಿಯೊಬ್ಬನೂ ತನ್ನ ಕಾಯಕಕ್ಕೆ ತಾನೇ ಹೊಣೆಯೆಂಬುದು ಶರಣಧರ್ಮವಲ್ಲವೇ, ರೋಗಿಗೂ ತನ್ನ ಹೊಣೆಯಿಲ್ಲವೇ ಎಂಬುದು ಅವರ ವಾದ. ಆಕ್ಷೇಪವು ಹುರುಳಿಲ್ಲದ್ದಲ್ಲ. ಆದರೆ ಕೇಳುವುದಕ್ಕೆ ಅಡ್ಡ ಬರುವುದು ಸೋಮಾರಿತನವಲ್ಲ, ನಾಚಿಕೆ. ಓದು ಬಾರದೆಂಬುದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ಮಾನವಂತನಿಗೆ ರೋಗಕ್ಕಿಂತಲೂ ಹೆಚ್ಚಿನ ಸಂಕಟ. ಅವನು ಅದನ್ನು ಹೆಂಡತಿಯ ಮುಂದೆಯೂ ಮುಚ್ಚಿಟ್ಟಿರಬಹುದು. ಹಿಂದೆ ನೂರು ಜನರ ಸಾಲು, ಮುಂದೆ ಅವಸರದಲ್ಲಿರುವ ವೈದ್ಯ, ಸುತ್ತಲೂ ಇಂಗ್ಲಿಷ್ ಬಲ್ಲವರು. ಅಂಥಲ್ಲಿ ‘ನನಗೆ ತಿಳಿಯಲಿಲ್ಲ’ ಎನ್ನಲು ಎಷ್ಟು ಧೈರ್ಯ ಬೇಕು! ಆ ಧೈರ್ಯವನ್ನು ದುರ್ಬಲನಿಂದ ನಿರೀಕ್ಷಿಸಿ, ಒಂದು ಗಳಿಗೆಯ ತಾಳ್ಮೆಯನ್ನು ಬಲಿಷ್ಠನಿಂದ ನಿರೀಕ್ಷಿಸದಿರುವುದು ನ್ಯಾಯವೆನಿಸದು. ಹೊಣೆಯು ಇಬ್ಬರದೂ ಹೌದು. ಆದರೆ ಶಕ್ತಿಯು ಎಲ್ಲಿ ಹೆಚ್ಚಾಗಿದೆಯೋ ಹೊಣೆಯ ಭಾರವೂ ಅಲ್ಲಿ ಹೆಚ್ಚಾಗಿರತಕ್ಕದ್ದು.

ಮುಚ್ಚಿಟ್ಟ ನಾಚಿಕೆಯನ್ನು ಗುರುತಿಸುವುದು ಹೇಗೆ? ಕರುಣೆಯುಳ್ಳ ಕಣ್ಣಿಗೆ ಅದು ಕಾಣದಿರದು. ಕಾಗದವನ್ನು ಕೈಗೆ ಕೊಟ್ಟೊಡನೆ ‘ಕನ್ನಡಕ ಮನೆಯಲ್ಲಿ ಬಿಟ್ಟುಬಂದೆ’ ಎನ್ನುವವರು, ‘ಮಗ ಬಂದ ಮೇಲೆ ಓದಿಸುತ್ತೇನೆ’ ಎಂದು ಮಡಿಸಿ ಇಡುವವರು, ಕಾಗದದ ಮೇಲೆ ಕಣ್ಣನ್ನು ಓಡಿಸದೆ ಒಂದೇ ಕಡೆ ನಿಲ್ಲಿಸುವವರು, ಮಾತ್ರೆಯ ಹೆಸರು ಕೇಳಿದರೆ ಬಣ್ಣ ಹೇಳುವವರು, ಏನೇ ಹೇಳಿದರೂ ಒಂದೂ ಪ್ರಶ್ನೆ ಕೇಳದೆ ಹೂಂಗುಟ್ಟುವವರು, ಹೇಳಿದ ದಿನಕ್ಕೆ ಬಾರದೆ ಇನ್ನೊಂದು ದಿನ ಬರುವವರು, ಇವರೆಲ್ಲರಿಗೂ ವಿಷಯ ತಿಳಿದಿಲ್ಲವೆಂದು ಖಂಡಿತವಾಗಿ ಹೇಳಲಾಗದು. ಆದರೆ ತಿಳಿದಿರಲಿಕ್ಕಿಲ್ಲವೆಂದು ಎಚ್ಚರಗೊಳ್ಳುವುದು ಯೋಗ್ಯ. ಎಚ್ಚರಗೊಂಡವನು ಅದನ್ನು ಸಭೆಯಲ್ಲಿ ಸಾರಬಾರದು. ‘ನಿಮಗೆ ಓದಲು ಬರುವುದಿಲ್ಲವೇ?’ ಎಂದು ಎಲ್ಲರೆದುರು ಕೇಳುವುದು ಚಿಕಿತ್ಸೆಯಲ್ಲ, ಗಾಯ. ಎಲ್ಲರಿಗೂ ತಿಳಿಯಾದ ಮಾತಿನಲ್ಲಿಯೇ ಹೇಳುವುದನ್ನು ರೂಢಿ ಮಾಡಿಕೊಂಡರೆ ಯಾರನ್ನೂ ಬೇರ್ಪಡಿಸಿ ನಾಚಿಸಬೇಕಾಗಿಲ್ಲ. ತಿಳಿಯಾದ ಮಾತಿನಿಂದ ಪಂಡಿತನಿಗೆ ನಷ್ಟವೇನೂ ಇಲ್ಲ.

ಇಲ್ಲಿ ಹನ್ನೆರಡನೆಯ ಶತಮಾನದ ಶರಣರು ತೋರಿದ ದಾರಿಯನ್ನು ಸ್ಮರಿಸುವುದು ಉಚಿತ. ಅವರ ಕಾಲದಲ್ಲಿಯೂ ಪರಮಾರ್ಥದ ಔಷಧಿಯು ಸಂಸ್ಕೃತದ ಭರಣಿಯಲ್ಲಿತ್ತು. ಭರಣಿಯ ಬಾಯಿ ಕೆಲವರಿಗೆ ಮಾತ್ರ ತೆರೆಯುತ್ತಿತ್ತು. ತಿಳಿಯದವರು ಮೊದಲು ಸಂಸ್ಕೃತವನ್ನು ಕಲಿತು ಬರಲಿ ಎಂದು ಬಸವಣ್ಣನವರು ಹೇಳಲಿಲ್ಲ. ತಾವೇ ಆ ಜನರ ಮಾತಿಗೆ ಇಳಿದು ಬಂದರು. ಇಳಿದುದರಿಂದ ಅರಿವು ಹಗುರವಾಗಲಿಲ್ಲ, ಕನ್ನಡವೇ ಎತ್ತರವಾಯಿತು. ಅಂಬಿಗರ ಚೌಡಯ್ಯನು ದೋಣಿಯ ಮಾತಿನಲ್ಲಿ, ಮಡಿವಾಳ ಮಾಚಯ್ಯನು ಮಡಿಯ ಮಾತಿನಲ್ಲಿ, ಕದಿರ ರೆಮ್ಮವ್ವೆಯು ರಾಟೆಯ ಮಾತಿನಲ್ಲಿ ಹಿರಿಯ ತತ್ತ್ವವನ್ನು ಹೇಳಿದರು. ವೈದ್ಯವೃತ್ತಿಯನ್ನು ಕಾಯಕವಾಗಿ ಉಳ್ಳ ವೈದ್ಯ ಸಂಗಣ್ಣನೆಂಬ ಶರಣನು ವ್ಯಾಧಿ, ಔಷಧಿಗಳ ಮಾತಿನಲ್ಲಿಯೇ ಭವರೋಗವನ್ನು ವಿವರಿಸಿದನು. ಕೇಳುವವನ ಬದುಕಿನೊಳಗಿಂದಲೇ ಮಾತನ್ನು ಆರಿಸಿಕೊಳ್ಳಬೇಕೆಂಬುದು ಶರಣರ ಬೋಧನಕ್ರಮ. ಒಬ್ಬನನ್ನು ಗೌರವದಿಂದ ಕರೆಯುವುದರಲ್ಲಿಯೂ ತುಚ್ಛವಾಗಿ ಕರೆಯುವುದರಲ್ಲಿಯೂ ಪುಣ್ಯಪಾಪಗಳನ್ನೇ ಕಂಡವರು ಬಸವಣ್ಣನವರು.

ಇಂದು ಬಿ.ಟಿ.ಎಂ. ಬಡಾವಣೆ, ಜೆ.ಪಿ. ನಗರಗಳಲ್ಲಿ ಏಳುತ್ತಿರುವ ಬಹುಮಹಡಿ ಕಟ್ಟಡಗಳಿಗೆ ಇಟ್ಟಿಗೆ ಹೊರುವವರಲ್ಲಿ ರಾಯಚೂರು, ಯಾದಗಿರಿ, ಕಲಬುರಗಿಗಳ ಕಡೆಯಿಂದ ಬಂದವರು ಅನೇಕರಿದ್ದಾರೆ. ಕಲ್ಯಾಣದ ಸುತ್ತಿನ ಆ ನಾಡಿನಿಂದ ಬಂದವರು ಜ್ವರ ಬಂದ ಕೂಸನ್ನು ಎತ್ತಿಕೊಂಡು ಆಸ್ಪತ್ರೆಯ ಕಿಟಕಿಯ ಮುಂದೆ ನಿಂತಾಗ, ಯಾವ ಕೋಣೆಗೆ ಹೋಗಬೇಕೆಂಬ ಫಲಕವನ್ನು ಓದಲಾಗದೆ, ಕಿಟಕಿಯೊಳಗಿನವರ ಮಾತೂ ಹಿಡಿಯದೆ ನಿಲ್ಲುವುದುಂಟು. ವಚನಗಳು ಹುಟ್ಟಿದ ನಾಡಿನವರಿಗೆ ಕನ್ನಡ ನಾಡಿನ ರಾಜಧಾನಿಯಲ್ಲಿ ಮಾತು ಸಿಗದಂತಾಗುವುದು ವಿಷಾದದ ಸಂಗತಿ. ಅವರ ಪಕ್ಕದಲ್ಲಿ ನಿಂತ ಭಕ್ತನೊಬ್ಬನು ‘ಯವ್ವಾ, ಏನಾಗೇತಿ ಕೂಸಿಗೆ?’ ಎಂದು ಕೇಳಿ, ಕೋಣೆಯವರೆಗೆ ಕರೆದೊಯ್ದರೆ ಅದೂ ಲಿಂಗಪೂಜೆಯೇ. ತಮಿಳು, ತೆಲುಗು, ಉರ್ದು, ಹಿಂದಿ ಮಾತನಾಡುವ ಬಡವರಿಗೂ ಇದೇ ನ್ಯಾಯ ಸಲ್ಲತಕ್ಕದ್ದು. ದಯೆಗೆ ಭಾಷೆಯ ಗಡಿಯಿಲ್ಲ.

ವೈದ್ಯರಿಗೆ ಸಮಯವೆಲ್ಲಿದೆ ಎಂಬ ಮಾತೂ ಸುಳ್ಳಲ್ಲ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಕೆಲವೇ ನಿಮಿಷಗಳು. ಅವರನ್ನು ದೂಷಿಸಿ ಪ್ರಯೋಜನವಿಲ್ಲ. ಆದರೂ ತಿಳಿಸುವುದು ವೈದ್ಯನ ಔದಾರ್ಯವಲ್ಲ, ಕರ್ತವ್ಯವೆಂಬುದನ್ನು ದೇಶದ ಕಾನೂನೂ ಒಪ್ಪಿದೆ. ಚಿಕಿತ್ಸೆಯ ಸ್ವರೂಪ, ಉದ್ದೇಶ, ಲಾಭ, ಅಪಾಯ, ಬೇರೆ ಮಾರ್ಗಗಳು ಇವನ್ನು ಸಾಕಷ್ಟು ತಿಳಿಸಿದ ಮೇಲೆ ಪಡೆದ ಒಪ್ಪಿಗೆಯೇ ಒಪ್ಪಿಗೆಯೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿತು. ಔಷಧಿಗಳ ಮೂಲ ಹೆಸರನ್ನು ಓದಲು ಬರುವಂತೆ, ಇಂಗ್ಲಿಷಿನ ದೊಡ್ಡಕ್ಷರಗಳಲ್ಲಾದರೆ ಒಳಿತು ಎಂಬಂತೆ ಬರೆಯಬೇಕೆಂದು ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ಮಾಡಿತು. ಆದರೆ ಕಾನೂನು ಕಾಗದಕ್ಕೆ ಸಹಿ ಹಾಕಿಸಬಲ್ಲದು. ಹೆಬ್ಬೆಟ್ಟು ಒತ್ತಿದವನ ಮನಸ್ಸಿನಲ್ಲಿ ಬೆಳಕಾಯಿತೇ ಎಂಬುದನ್ನು ನೋಡಬಲ್ಲವನು ಎದುರಿಗೆ ನಿಂತ ಮನುಷ್ಯನೊಬ್ಬನೇ.

ಅದನ್ನು ನೋಡುವ ಬಗೆಯು ಬಹು ಸರಳ. ‘ತಿಳಿಯಿತೇ?’ ಎಂಬ ಪ್ರಶ್ನೆಯು ನಿಷ್ಪ್ರಯೋಜಕ. ಅದಕ್ಕೆ ನಾಚಿಕೆಯು ಕೊಡುವ ಉತ್ತರ ಒಂದೇ: ‘ತಿಳಿಯಿತು’. ಅದರ ಬದಲು, ‘ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು, ಮನೆಗೆ ಹೋಗಿ ಈ ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತೀರಿ, ಒಂದು ಸಲ ಹೇಳಿ’ ಎನ್ನಬೇಕು. ಹಳೆಯ ಕಾಲದ ಐಗಳ ಮಠದಲ್ಲಿ ಮಕ್ಕಳು ಪಾಠ ಒಪ್ಪಿಸುತ್ತಿದ್ದರು. ಇಲ್ಲಿಯೂ ಪಾಠ ಒಪ್ಪಿಸುವುದುಂಟು. ಆದರೆ ಪರೀಕ್ಷೆಗೆ ಒಳಗಾಗುವವನು ರೋಗಿಯಲ್ಲ, ಹೇಳಿದವನು. ರೋಗಿಯು ತಪ್ಪು ಹೇಳಿದರೆ ಹೇಳಿದವನೇ ತನ್ನ ಮಾತನ್ನು ಬದಲಿಸಿ ಮತ್ತೊಮ್ಮೆ ಹೇಳಬೇಕು. ಅಮೆರಿಕೆಯ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮಧುಮೇಹಿಗಳ ಬಗ್ಗೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೀಗೆ ತಿರುಗಿ ಹೇಳಿಸಿ ನೋಡುವ ವೈದ್ಯರು ಬಹು ವಿರಳವೆಂದು ಕಂಡುಬಂದಿತು. ಹಾಗೆ ನೋಡಿದ ಕಡೆಗಳಲ್ಲಿ ರೋಗಿಗಳ ಸಕ್ಕರೆಯು ಹೆಚ್ಚು ಹತೋಟಿಯಲ್ಲಿದ್ದಿತು. ಅದಕ್ಕೆ ದುಬಾರಿ ಯಂತ್ರ ಬೇಕಿಲ್ಲ, ವಿನಯ ಬೇಕು.

ವೈದ್ಯನು ಮಾಡಲಾಗದುದನ್ನು ಮನೆಯವರು ಮಾಡಬಹುದು. ಒಂದು ಸಲಕ್ಕೆ ಎರಡು ಮೂರು ವಿಷಯಗಳಿಗಿಂತ ಹೆಚ್ಚು ಹೇಳದಿರುವುದು. ಮಾತ್ರೆಯ ಪಟ್ಟಿಯ ಮೇಲೆ ಬೆಳಗಿನದಕ್ಕೆ ಸೂರ್ಯನನ್ನೂ ರಾತ್ರಿಯದಕ್ಕೆ ಚಂದ್ರನನ್ನೂ ಬರೆದಿಡುವುದು. ದ್ರವ ಔಷಧಿಯನ್ನು ಅಡಿಗೆಯ ಚಮಚದಿಂದ ಅಳೆಯದೆ ಬಾಟಲಿಯ ಜೊತೆ ಬಂದ ಅಳತೆಯ ಮುಚ್ಚಳದಿಂದಲೇ ಅಳೆದು ತೋರಿಸುವುದು. ಹೊಸ ಔಷಧಿ ಬಂದಾಗ ಹಳೆಯದನ್ನು ಮುಂದುವರಿಸಬೇಕೇ ಎಂದು ಅಂಗಡಿಯಲ್ಲಿಯೇ ಕೇಳುವುದು. ವೈದ್ಯನಲ್ಲಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ ಒಂದು ಚೀಲದಲ್ಲಿ ಒಯ್ಯುವುದು. ಹೊರಡುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಪಡೆಯುವುದು: ತನಗೆ ಆಗಿರುವುದೇನು, ತಾನು ಮಾಡಬೇಕಾದುದೇನು, ಹಾಗೆ ಮಾಡದಿದ್ದರೆ ಆಗುವುದೇನು. ಬಡವರ ಬೀದಿಗಳಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮಾಡುತ್ತಿರುವ ಕೆಲಸದಲ್ಲಿ ಬಹುಪಾಲು ಇಂಥದೇ. ಅವರನ್ನು ಬಾಗಿಲಲ್ಲಿಯೇ ನಿಲ್ಲಿಸಿ ಕಳುಹಿಸುವವರು ತಾವು ಏನನ್ನು ಹಿಂದಕ್ಕೆ ಕಳುಹಿಸಿದೆವೆಂದು ಯೋಚಿಸಬೇಕು.

ಆದರೆ ಸಹಾಯ ಮಾಡುವವನಿಗೂ ಒಂದು ರೋಗ ತಗಲುವ ಭಯವುಂಟು, ಅದು ಅಹಂಕಾರ. ವಿದ್ಯಾವಂತನಾದ ಮಗನು ತಂದೆಯನ್ನು ವೈದ್ಯನ ಮುಂದೆ ಕೂರಿಸಿ, ಎಲ್ಲವನ್ನೂ ತಾನೇ ಇಂಗ್ಲಿಷಿನಲ್ಲಿ ಮಾತನಾಡಿ, ‘ಬಾ ಅಪ್ಪ, ಹೋಗೋಣ’ ಎಂದು ಎಬ್ಬಿಸಿಕೊಂಡು ಬರುತ್ತಾನೆ. ರೋಗ ತಂದೆಯದು, ದೇಹ ತಂದೆಯದು, ನೋವು ತಂದೆಯದು. ಮಾತು ಮಾತ್ರ ಮಗನದು. ಮಗನಲ್ಲಿ ಪ್ರೀತಿಯಿಲ್ಲವೆಂದಲ್ಲ. ಆದರೆ ಆ ಪ್ರೀತಿಯು ತಂದೆಯನ್ನು ಹೊರುವ ಮೂಟೆಯನ್ನಾಗಿ ಮಾಡಿತು. ಅರಿವನ್ನು ಗುರುವಿನ ಸ್ಥಾನದಲ್ಲಿಟ್ಟ ಧರ್ಮದಲ್ಲಿ ಇನ್ನೊಬ್ಬನ ಪರವಾಗಿ ಅರಿಯುವುದೆಂಬುದಿಲ್ಲ. ಅವನು ತಾನೇ ಅರಿಯುವಂತೆ ಮಾಡುವುದೇ ನಿಜವಾದ ಸೇವೆ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವೂ ಇದೇ: ದಾನಿಯು ತಾನು ಕೊಟ್ಟೆನೆಂದು ನಿಲ್ಲುತ್ತಾನೆ, ದಾಸೋಹಿಯು ತಾನು ಸೇವಕನೆಂದು ಬಾಗುತ್ತಾನೆ. ಅನ್ನವನ್ನು ನೀಡುವಾಗ ಬಾಗುವ ಕೈಯು ಅರಿವನ್ನು ನೀಡುವಾಗಲೂ ಬಾಗಬೇಕು.

ವಚನಗಳ ಓಲೆಗರಿಗಳ ಕಟ್ಟುಗಳು ಶತಮಾನಗಳ ಕಾಲ ಮಠಮನೆಗಳ ಜಗಲಿಗಳ ಮೇಲಿದ್ದುವು. ಜನರು ಅವಕ್ಕೆ ವಿಭೂತಿ ಹಚ್ಚಿ, ಹೂವೇರಿಸಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ಕಡಿಮೆ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಬಿಚ್ಚಿಸಿ, ಓದಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ ಮೇಲೆ ಮನೆಯಲ್ಲಿದ್ದ ಬೆಳಕು ಮನೆಯವರ ಕಣ್ಣಿಗೆ ಬಿದ್ದಿತು. ಇಂದು ಅನೇಕ ಮನೆಗಳಲ್ಲಿ ಅಂಥದೇ ಇನ್ನೊಂದು ಕಟ್ಟು ಇದೆ. ದೇವರ ಮನೆಯ ಗೂಡಿನಲ್ಲಿಯೋ ಬೀರುವಿನಲ್ಲಿಯೋ ಪ್ಲಾಸ್ಟಿಕ್ ಚೀಲದೊಳಗೆ ಜೋಪಾನವಾಗಿ ಇಟ್ಟಿರುವ ಆಸ್ಪತ್ರೆಯ ಕಾಗದಗಳ ಕಟ್ಟು ಅದು. ಅದರಲ್ಲಿ ಆ ವೃದ್ಧರ ಜೀವನವೇ ಬರೆದಿದೆ; ಅವರಿಗೆ ಮಾತ್ರ ಅದರಲ್ಲಿ ಏನಿದೆಯೆಂಬುದು ತಿಳಿಯದು. ಓದಬಲ್ಲ ಮಗನೋ ಸೊಸೆಯೋ ಮೊಮ್ಮಗಳೋ ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತು ಆ ಕಟ್ಟನ್ನು ಬಿಚ್ಚಿ, ಒಂದೊಂದನ್ನೂ ಮನೆಮಾತಿನಲ್ಲಿ ಹೇಳಿ, ‘ಅಜ್ಜಿ, ನಾನು ಹೇಳಿದ್ದು ಸರಿಯಾಗಿ ಬಂತೇ? ನೀವೊಂದು ಸಲ ಹೇಳಿ ನೋಡೋಣ’ ಎಂದು ಕೇಳಲಿ. ಅಜ್ಜಿಯು ತಡವರಿಸಿದರೆ ನಗದಿರಲಿ. ಮತ್ತೊಮ್ಮೆ ಹೇಳಲಿ. ತಿಳಿಯದವರ ನಾಚಿಕೆಯನ್ನು ತಿಳಿದವರು ತಮ್ಮ ಹೊಣೆಯೆಂದು ಎತ್ತಿಕೊಂಡ ಮನೆಯಲ್ಲಿ ಔಷಧಿಯು ನಿಜವಾಗಿಯೂ ಔಷಧಿಯಾಗುವುದು. ಅಂಥ ಮನೆಯೇ ಮಹಾಮನೆ.